ಸಮುದ್ರಕ್ಕೆ ಬೆನ್ನು ಮಾಡದವಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಸುಮ್ಮನೆ ಕೇಳಿಸಿಕೊಂಡು, ಮನಸ್ಸಿನಲ್ಲೇ ಒಂದೆರಡು ಕಾರಣ ಜೋಡಿಸಿ, ಅಲ್ಲಿಗೇ ಮರೆತುಬಿಡುತ್ತಿದ್ದೆ. ಆಸ್ಪತ್ರೆಯಲ್ಲಿ ದುಡಿಯುವವರ ಬಳಿ ಇಂಥ ಕಥೆಗಳಿಗೆ ಬರವಿಲ್ಲ. ಖಾಲಿ ಹಾಸಿಗೆಯ ಕರೆಗಂಟೆ ಹೊಡೆದುಕೊಂಡಿತಂತೆ, ನಿನ್ನೆ ತೀರಿಕೊಂಡವರ ಕೆಮ್ಮು ಇವತ್ತು ಕೇಳಿಸಿತಂತೆ. ಧಾರವಾಡದಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಇವನ್ನೆಲ್ಲ ಕೇಳಿ ನಕ್ಕಿದ್ದೇನೆ. ನಿದ್ದೆಗೆಟ್ಟ ಕಣ್ಣು, ಹಳೆಯ ವೈರಿಂಗು, ಇಷ್ಟೇ ಎಂದು ವಾದಿಸಿದ್ದೇನೆ. ಆ ಕಥೆಗಳನ್ನು ನಾನು ಇವತ್ತಿಗೂ ನಂಬುವುದಿಲ್ಲ. ನನ್ನದೊಂದನ್ನು ಮಾತ್ರ ಏನು ಮಾಡಬೇಕೆಂದು ತಿಳಿಯದೆ ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ.

ನನ್ನದು ಸರಿರಾತ್ರಿಯಲ್ಲಿ ನಡೆದದ್ದೂ ಅಲ್ಲ. ಮಳೆಗಾಲದ ಒಂದು ಮಧ್ಯಾಹ್ನ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಜನ ಓಡಾಡುತ್ತಿದ್ದ ವಾರ್ಡಿನಲ್ಲಿ ನಡೆದದ್ದು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಾನು ದಿನಚರಿ ಬರೆಯುವವಳು, ಬಹುಶಃ ಅದಕ್ಕೇ ನೆನಪನ್ನು ಅಷ್ಟಾಗಿ ನಂಬದವಳು. ಹಳೆಯ ಪುಟಗಳನ್ನು ತಿರುವಿದಾಗಲೆಲ್ಲ ನನ್ನ ತಲೆಯಲ್ಲಿರುವುದೇ ಬೇರೆ, ಅವತ್ತು ಬರೆದದ್ದೇ ಬೇರೆ ಎಂದು ಕಂಡು ಬೆಚ್ಚಿದ್ದೇನೆ. ಹೀಗಾಗಿ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಗೋವಾದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ವಯಸ್ಕ ರೋಗಿಗಳ ಆರೈಕೆ ನನ್ನ ವಿಷಯ. ವ್ಯಕ್ತಿ ಕೇಂದ್ರಿತ ಆರೈಕೆ ಎಂದು ಪಠ್ಯದಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ. ಬಿಡಿಸಿ ಹೇಳಿದರೆ ಸಣ್ಣ ಮಾತು. ಹಾಸಿಗೆಯ ಮೇಲೆ ಮಲಗಿರುವವರಿಗೆ ಒಂದು ಹೆಸರಿದೆ, ಇಷ್ಟಾನಿಷ್ಟಗಳಿವೆ, ಅವರನ್ನು ಮುಟ್ಟುವ ಮೊದಲು ಕೇಳಬೇಕು. ಹೇಳುವುದು ಸುಲಭ. ಬೆಳಗಿನ ಹೊತ್ತು ಹತ್ತು ಜನರ ಮೈ ಒರೆಸಿ, ಹಾಸಿಗೆ ಬದಲಿಸಿ, ಔಷಧಿ ಕೊಡಬೇಕಾದ ಹುಡುಗಿಗೆ ಇದನ್ನು ಕಲಿಸುವುದು ಸುಲಭವಲ್ಲ.

ಹಾಗಾಗಿ ವಾರ್ಡಿಗೆ ಕಳಿಸುವ ಮೊದಲು ಕಾಲೇಜಿನ ಲ್ಯಾಬಿನಲ್ಲಿ ಒಂದು ಗೊಂಬೆಯ ಮೇಲೆ ಕಲಿಸುತ್ತೇವೆ. ಆಳೆತ್ತರದ ರಬ್ಬರಿನ ಹೆಂಗಸು. ಅವಳಿಗೆ ಹೊನ್ನವ್ವ ಎಂದು ಹೆಸರಿಟ್ಟವಳು ನಾನೇ. ಇಂಗ್ಲಿಷ್ ಹೆಸರಿನ ಗೊಂಬೆಯನ್ನು ಹುಡುಗಿಯರು ಗೊಂಬೆಯಂತೆಯೇ ಎತ್ತಿ ಹಾಕುತ್ತಿದ್ದರು. ಹೊನ್ನವ್ವ ಎಂದಮೇಲೆ ಕೈ ಸ್ವಲ್ಪ ಮೆತ್ತಗಾಯಿತು. ಪರದೆ ಸರಿಸಿ ಒಳಗೆ ಹೋಗುವಾಗ ಅವಳ ಹೆಸರು ಹಿಡಿದು ಕರೆಯಬೇಕು, ತಾನು ಯಾರೆಂದು ಹೇಳಬೇಕು, ಮೈ ಒರೆಸಲೇ ಎಂದು ಕೇಳಬೇಕು, ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಮೊದಲ ವಾರ ಎಲ್ಲರೂ ನಗುತ್ತಾರೆ. "ರಬ್ಬರ್ ಏನ್ ಹೇಳತೈತ್ರಿ ಮೇಡಂ, ಬ್ಯಾಡ ಅಂತತೇನು?" ಎಂದು ಕೇಳಿದವರೂ ಇದ್ದಾರೆ.

ಹೊನ್ನವ್ವನಿಗೆ ನಾನು ಒಂದಷ್ಟು ಇಷ್ಟಾನಿಷ್ಟಗಳನ್ನೂ ಕಟ್ಟಿದ್ದೆ. ಅಜ್ಜಿ ಎಂದು ಕರೆಯಬಾರದು. ಚಹಾವನ್ನು ಬಸಿಯಲ್ಲಿ ಆರಿಸಿ ಕೊಡಬೇಕು. ಮುಖ ಒರೆಸುವಾಗ ಕಣ್ಣನ್ನು ಕೊನೆಗೆ ಒರೆಸಬೇಕು. ಇವೆಲ್ಲ ಎಲ್ಲೋ ಯಾರಲ್ಲೋ ಕಂಡದ್ದೇ. ಆದರೆ ಅವುಗಳ ಜೊತೆಗೆ ಒಂದಾದರೂ ಅರ್ಥವಾಗದ ಬಯಕೆ ಇರಲಿ ಎಂದು ನನಗೆ ಅನಿಸಿತ್ತು. ರೋಗಿಯ ಬೇಡಿಕೆಗೆ ಕಾರಣ ಸಿಕ್ಕರೆ ಮಾತ್ರ ನಾವು ಅದಕ್ಕೆ ಬೆಲೆ ಕೊಡುತ್ತೇವೆ. ಕಾರಣ ಸಿಗದಿದ್ದರೂ ಬೆಲೆ ಕೊಡುವುದನ್ನು ಹುಡುಗಿಯರು ಕಲಿಯಬೇಕು. ಹಾಗೆ ಒಂದು ದಿನ, ಆ ಕ್ಷಣಕ್ಕೆ ನಾಲಿಗೆಗೆ ಬಂದದ್ದನ್ನು ಹೇಳಿದೆ. ಹೊನ್ನವ್ವ ಸಮುದ್ರಕ್ಕೆ ಬೆನ್ನು ಮಾಡಿ ಮಲಗುವುದಿಲ್ಲ. ಮಗ್ಗುಲು ಬದಲಿಸುವಾಗ ಸಮುದ್ರ ಯಾವ ಕಡೆ ಇದೆ ಎಂದು ಅವಳಿಗೆ ಹೇಳಬೇಕು.

ಹಾಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಲ್ಯಾಬಿನ ಕಿಟಕಿ, ಒದ್ದೆ ಟವೆಲ್ಲು ಹಿಡಿದು ನಿಂತಿದ್ದ ರೇಣುಕಾ, ಎಲ್ಲ ಕಣ್ಣ ಮುಂದೆ ಇದೆ. ಆ ಹುಡುಗಿ ಮೂರನೇ ವರ್ಷದಲ್ಲಿದ್ದಳು. ತಂದೆ ತಾಯಿ ಗದಗದ ಕಡೆಯವರು, ಸಮುದ್ರದ ದಡದ ವಾಸ್ಕೋದಲ್ಲಿ ಕೂಲಿ ಮಾಡುವವರು. ಅವಳು ಹುಟ್ಟಿದ್ದು ಬೆಳೆದದ್ದು ಅಲ್ಲಿಯೇ. ಗೆಳತಿಯರ ಜೊತೆ ಕೊಂಕಣಿ, ಬಸ್ಸಿನವನ ಜೊತೆ ಹಿಂದಿ, ನನ್ನ ಜೊತೆ ಮನೆಯ ಕನ್ನಡ.

"ಯಾಕ್ರಿ ಮೇಡಂ? ಸಮುದ್ರಕ್ಕ ಬೆನ್ನ ಮಾಡಿದ್ರ ಏನಾಕ್ಕೈತ್ರಿ ಆಕಿಗೆ?" ಎಂದು ಕೇಳಿದಳು.

"ಯಾಕ ಅಂತ ಕೇಳಬಾರ್ದು. ಆಕಿಗೆ ಬೇಕು, ಅಷ್ಟ ಸಾಕು ನಮಗ," ಎಂದೆ.

ಆ ವರ್ಷ ಮಳೆ ಹಿಡಿದ ಮೇಲೆ ಹುಡುಗಿಯರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಸಾವರ್ಡೆಯಿಂದ ಹೆಚ್ಚು ದೂರವಿಲ್ಲದ ಊರು. ಅದಿರಿನ ಲಾರಿಗಳ ಓಡಾಟ ಕಡಿಮೆಯಾಗಿ ರಸ್ತೆಗಳು ಬರೀ ಕೆಂಪು ಕೆಸರಾಗಿದ್ದವು. ಹೆಂಗಸರ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ರೋಜಿಟಾ, ಬಿಗಿ ಮುಖದ, ಒಳ್ಳೆಯ ಹೆಂಗಸು. ನಾವು ಹೋದ ದಿನವೇ ವಾರ್ಡಿನ ಕೊನೆಯ ಹಾಸಿಗೆ ತೋರಿಸಿ, ನಿಮ್ಮ ಕನ್ನಡದವಳೇ ಇರಬೇಕು, ನಮಗೆ ಏನೂ ಗೊತ್ತಾಗುತ್ತಿಲ್ಲ ಎಂದರು.

ಸಾವರ್ಡೆ ರೈಲ್ವೆ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಿದ್ದಿದ್ದ ಹೆಂಗಸು. ಆಂಬುಲೆನ್ಸಿನವರು ತಂದು ಸೇರಿಸಿದ್ದರು. ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕಣ್ಣು ಅರ್ಧ ತೆರೆದಿರುತ್ತಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಐವತ್ತು ದಾಟಿರಬಹುದು. ಕೈಚೀಲವಿಲ್ಲ, ಫೋನಿಲ್ಲ. ಮೈಮೇಲಿದ್ದ ಇಳಕಲ್ ಸೀರೆ, ಮೊಳಕೈಯ ಹಚ್ಚೆ, ಎಡಗೈಯಲ್ಲಿ ಹಸಿರು ಗಾಜಿನ ಬಳೆ, ಇಷ್ಟೇ ಅವಳ ಗುರುತು. ಹಾಸಿಗೆಯ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ಅನ್‌ನೋನ್ ಎಂದಿತ್ತು. ಪೊಲೀಸರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು. ಕಾಣೆಯಾಗಿದ್ದಾಳೆ ಎಂದು ಯಾರೂ ದೂರು ಕೊಟ್ಟಿರಲಿಲ್ಲ.

ಡಾಕ್ಟರು ಹೆಚ್ಚು ಆಸೆ ಇಟ್ಟುಕೊಂಡಿರಲಿಲ್ಲ. ಪಕ್ಕದ ಹಾಸಿಗೆಯವಳನ್ನು ನೋಡಲು ಬಂದ ಯಾರೋ, ಘಾಟಿಯವಳು, ಇವರದೆಲ್ಲ ಹೀಗೇ, ತಂದು ಬಿಟ್ಟು ಹೋಗುತ್ತಾರೆ ಎಂದು ಕೊಂಕಣಿಯಲ್ಲಿ ಅಂದರು. ಘಟ್ಟದ ಮೇಲಿನಿಂದ ಬಂದ ನಮ್ಮ ಕೂಲಿಯವರಿಗೆ ಇಲ್ಲಿ ಬಿದ್ದಿರುವ ಹೆಸರು ಅದು. ರೇಣುಕಾಳಿಗೆ ಅದು ಕೇಳಿಸಿತು. ಹುಟ್ಟಿದಾಗಿನಿಂದ ಕೇಳಿದವಳು, ತಿರುಗಿ ನೋಡಲಿಲ್ಲ. ನನ್ನ ಬಳಿ ಬಂದು ಆ ಹಾಸಿಗೆಯನ್ನು ತನಗೆ ಕೊಡಿ ಎಂದಳು.

ಅವಳ ಆತುರಕ್ಕೆ ಬೇರೆ ಕಾರಣವಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಹೇಳಿದಳು. "ನಮ್ಮ ಓಣ್ಯಾಗಿನ ಒಬ್ಬ ಕಾಕಾ ಹಿಂಗ ಹೋದ್ರಿ ಮೇಡಂ. ಕೆಲಸಕ್ಕ ಅಂತ ಹೋದಾವ ಎಲ್ಲೋ ಬಿದ್ದಿದ್ದ. ಹೆಸರು ಗೊತ್ತಿಲ್ಲ ಅಂತ ದವಾಖಾನಿಯವ್ರು ಪೊಲೀಸರಿಗೆ ಕೊಟ್ಟ್ರು, ಅವ್ರು ಸುಟ್ಟ ಬಿಟ್ಟ್ರು. ಕಾಕು ಹುಡಿಕ್ಕೋತ ಬರೂದ್ರಾಗ ಬೂದಿನೂ ಇರಲಿಲ್ಲ." ರೊಟ್ಟಿ ಮುರಿಯುತ್ತಾ, "ಈಕಿ ಹಂಗ ಹೋಗಬಾರ್ದ್ರಿ," ಎಂದಳು.

ಮರುದಿನ ಪರದೆಯ ಹಿಂದೆ ಅವಳು ಆ ಹೆಂಗಸನ್ನು ಹೊನ್ನವ್ವಾ ಎಂದು ಕರೆಯುತ್ತಿರುವುದು ಕೇಳಿಸಿತು. ನಾನು ಕರೆದು ಗದರಿದೆ. ನಾವು ಕಟ್ಟಿದ ಹೆಸರನ್ನು ಬದುಕಿರುವ ಹೆಂಗಸಿಗೆ ಅಂಟಿಸುವುದು ನಾನು ಕಲಿಸಿದ್ದಕ್ಕೆ ಪೂರಾ ವಿರುದ್ಧ. "ಆಕಿಗೆ ಆಕೀದ ಅಂತ ಒಂದ್ ಹೆಸರೈತಿ. ನಮಗ ಗೊತ್ತಿಲ್ಲ ಅಷ್ಟ," ಎಂದೆ.

"ಹಂಗಾರ ಏನಂತ ಕರೀಲ್ರಿ? ಅನ್‌ನೋನ್ ಅಂತ ಕರೀಲ್ಯಾ?" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಆಕಿ ಹೆಸರು ಸಿಗೂತನಕ ಕಡಾ ಕೊಟ್ಟೇನ್ರಿ ಮೇಡಂ. ಸಿಕ್ಕ ಮ್ಯಾಲ ವಾಪಸ್ ಇಸ್ಕೋತೇನಿ."

ಕಡಾ ಕೊಟ್ಟ ಹೆಸರು. ನನಗೆ ನಗು ಬಂತು. ಆಗಲಿ ಎಂದೆ.

ಇಂಥ ರೋಗಿಗಳನ್ನು ಒಂದೇ ಮಗ್ಗುಲಲ್ಲಿ ಬಿಟ್ಟರೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಅವಳ ಹಾಸಿಗೆಯ ಒಂದು ಪಕ್ಕಕ್ಕೆ ಕಿಟಕಿ, ಇನ್ನೊಂದು ಪಕ್ಕಕ್ಕೆ ಗೋಡೆ. ಗೋಡೆಯ ಕಡೆ ಮುಖ ಮಾಡಿಸಿದರೆ ತೊಂದರೆಯಿರಲಿಲ್ಲ. ಕಿಟಕಿಯ ಕಡೆ ತಿರುಗಿಸಿದ ಕೂಡಲೇ ಎಡಗೈಯಿಂದ ಹಾಸಿಗೆಯ ಪಕ್ಕದ ಸರಳನ್ನು ಹಿಡಿದುಕೊಳ್ಳುತ್ತಿದ್ದಳು. ಉಸಿರು ಜೋರಾಗುತ್ತಿತ್ತು, ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು. ಬಿದ್ದುಹೋದ ಬಲಭುಜದ ಮೇಲೆ ಭಾರ ಬೀಳುವುದರಿಂದ ನೋವು ಎಂದು ಸಿಸ್ಟರ್ ರೋಜಿಟಾ ಹೇಳಿದರು. ನಾನೂ ಹಾಗೆಯೇ ತಿಳಿದಿದ್ದೆ. ದಿಂಬು ಬದಲಿಸಿದೆವು, ನೋವಿನ ಔಷಧಿ ಕೊಟ್ಟೆವು. ಏನೂ ಬದಲಾಗಲಿಲ್ಲ.

ಆ ಮಧ್ಯಾಹ್ನ ಮಳೆ ಸುರಿಯುತ್ತಿತ್ತು. ಕಿಟಕಿಯ ಗಾಜಿನಲ್ಲಿ ಬೂದು ಬಣ್ಣ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾನು ಹೋದಾಗ ರೇಣುಕಾ ಮತ್ತು ವಾರ್ಡಿನ ಆಯಾ ಸೇರಿ ಅವಳನ್ನು ಕಿಟಕಿಯ ಕಡೆ ತಿರುಗಿಸಿದ್ದರು. ಕೈ ಆಗಲೇ ಸರಳನ್ನು ಹಿಡಿದಿತ್ತು. ಗಟ್ಟಿ ಹಿಡಿತ. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಹಸಿರು ಬಳೆಗಳು ಕಬ್ಬಿಣಕ್ಕೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ನಾನು ನಾಡಿ ಹಿಡಿದು ನೋಡಿದೆ, ಓಡುತ್ತಿತ್ತು.

"ಮೇಡಂ, ಹೊನ್ನವ್ವಗ ಹೇಳೂ ಮಾತ ಈಕಿಗೂ ಹೇಳಿ ನೋಡ್ಲ್ಯಾ?" ಎಂದಳು ರೇಣುಕಾ.

ನನಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ರೇಗಿತು, ಜೊತೆಗೆ ಅವಳ ಮುಖ ನೋಡಿ ಪಾಪ ಎನಿಸಿತು. ಇದೊಂದು ಮುಗಿದುಹೋಗಲಿ ಎಂದು ನಾನೇ ಬಗ್ಗಿದೆ. ನಾನು ಯಾರೆಂದು ಹೇಳಿದೆ. "ನೋಡ್ರಿ, ಸಮುದ್ರ ನಿಮ್ಮ ಎದರಿಗೇ ಐತಿ. ಈ ಕಿಡಕಿ ಆಚೆ. ನೀವು ಅದಕ್ಕ ಮಖಾ ಮಾಡೇ ಮಲಗೀರಿ," ಎಂದೆ.

ಹಿಡಿತ ಸಡಿಲಾಗಲಿಲ್ಲ. ಬಿಗಿಯಾಯಿತು. ತೋಳು ನಡುಗತೊಡಗಿತು. ಗಂಟಲಿನ ಸದ್ದು ಇನ್ನೂ ಮೇಲೇರಿತು. ನಾನು ರೇಣುಕಾಳ ಕಡೆ ನೋಡಿದೆ. ಕಟ್ಟಿದ ಮಾತು ಕಟ್ಟಿದ ಮಾತೇ ಎಂಬಂಥದ್ದೇನೋ ನನ್ನ ಮುಖದಲ್ಲಿ ಇದ್ದಿರಬೇಕು.

ಅವಳು ಸಂಕೋಚದಿಂದ, "ಮೇಡಂ, ಸಮುದ್ರ ಆ ಕಡೆ ಐತ್ರಿ," ಎಂದು ಗೋಡೆ ತೋರಿಸಿದಳು. "ಈ ಕಿಡಕಿ ಕಡೆ ಘಟ್ಟ."

ನಾನು ಒಪ್ಪಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕಿಟಕಿ ಪಡುವಣಕ್ಕೆ, ಆ ಅಭ್ಯಾಸದಲ್ಲಿ ಇಲ್ಲಿಯೂ ಹಾಗೆಯೇ ಎಂದುಕೊಂಡಿದ್ದೆ. ಮಳೆಯಿಂದಾಗಿ ಎಷ್ಟೋ ದಿನಗಳಿಂದ ಬಿಸಿಲೇ ಬಿದ್ದಿರಲಿಲ್ಲ, ದಿಕ್ಕು ತಿಳಿಯುವಂತಿರಲಿಲ್ಲ. ಆಯಾ ಮಧ್ಯೆ ಬಾಯಿ ಹಾಕಿ, "ದರ್ಯೊ ತೆ ವಟೇನ್, ಟೀಚರ್," ಸಮುದ್ರ ಆ ಕಡೆಗೆ ಎಂದು ಕೊಂಕಣಿಯಲ್ಲಿ ಹೇಳಿ, ಗೋಡೆಯ ಕಡೆಗೇ ಗದ್ದ ಎತ್ತಿ ತೋರಿಸಿದಳು. ಟೀಚರಿಗೆ ಸಮುದ್ರ ಎಲ್ಲಿದೆ ಎಂದೂ ಗೊತ್ತಿಲ್ಲ ಎಂದು ಅವಳಿಗೆ ನಗು.

ರೇಣುಕಾ ಬಗ್ಗಿ ಆ ಹೆಂಗಸಿನ ಕಿವಿಯ ಬಳಿ ಹೇಳಿದಳು. "ಹೊನ್ನವ್ವಾ, ಸಮುದ್ರ ನಿಮ್ಮ ಬೆನ್ನ ಹಿಂದ ಐತ್ರಿ. ನಮ್ಮ ಮೇಡಂಗ ತಿಳೀಲಿಲ್ಲ, ತಪ್ಪ ತಿಳಕೋಬ್ಯಾಡ್ರಿ. ಈ ಮಗ್ಗಲಾ ಸ್ವಲ್ಪ ಹೊತ್ತು ಅಷ್ಟ. ಆಮ್ಯಾಲ ನಾನ ಬಂದು ಹೊಳ್ಳಿ ಸಮುದ್ರದ ಕಡೆ ಮಾಡತೇನಿ. ಅಲ್ಲೀತನಕ ನಾ ಇಲ್ಲೇ ನಿಂತಿರತೇನಿ, ಆ ಕಡೆ ನೋಡಿಕೋತ."

ಇಲ್ಲಿ ನನಗೆ ಅನುಮಾನವಿಲ್ಲ. ಆ ಹೆಂಗಸಿನ ನಾಡಿ ನನ್ನ ಬೆರಳಿನ ಕೆಳಗೇ ಇತ್ತು. ರೇಣುಕಾ ಮಾತು ಮುಗಿಸುವ ಮೊದಲೇ ಅದು ನಿಧಾನವಾಗತೊಡಗಿತು. ಸರಳಿನ ಮೇಲಿನ ಬೆರಳುಗಳು ಒಂದೊಂದಾಗಿ ಬಿಟ್ಟವು. ಕೈ ಹಾಸಿಗೆಯ ಮೇಲೆ ಬಿತ್ತು. ಗಂಟಲಿನ ಸದ್ದು ನಿಂತಿತು. ಹೊರಗೆ ಮಳೆ ಇತ್ತು. ರೇಣುಕಾ ಹಾಸಿಗೆಯ ಈಚೆ ಬಂದು, ಅವಳ ಬೆನ್ನಿಗೆ ಬೆನ್ನು ಮಾಡಿ, ಗೋಡೆಯನ್ನು ನೋಡುತ್ತಾ ನಿಂತಳು. ಆಯಾ ನಗುವುದನ್ನು ನಿಲ್ಲಿಸಿ ಶಿಲುಬೆಯ ಗುರುತು ಹಾಕಿಕೊಂಡಳು.

ಅವತ್ತು ಸಂಜೆ ಬಸ್ಸಿನಲ್ಲಿ ವಾಪಸಾಗುವಾಗ ನಾನು ಕಾರಣಗಳನ್ನು ಜೋಡಿಸಿದೆ. ಸಮಾಧಾನದ ದನಿಗೆ ಯಾರೇ ಆದರೂ ಸಡಿಲಾಗುತ್ತಾರೆ. ನನ್ನ ದನಿಯಲ್ಲಿ ಸಿಡುಕು ಇತ್ತು, ರೇಣುಕಾಳ ದನಿಯಲ್ಲಿ ಇರಲಿಲ್ಲ. ಅಷ್ಟಕ್ಕೂ ತನ್ನೂರಿನ ಮಾತು ಕಿವಿಗೆ ಬಿದ್ದಿದೆ. ಇದು ಸಾಕಿತ್ತು. ಆದರೂ ಮರುದಿನದಿಂದ ಪ್ರತಿ ಸಲ ಮಗ್ಗುಲು ಬದಲಿಸುವಾಗ ಎಲ್ಲರೂ ಸಮುದ್ರದ ದಿಕ್ಕು ಹೇಳತೊಡಗಿದರು. ನಾನು ಬೇಡ ಎನ್ನಲಿಲ್ಲ. ಬಿಗಿ ಮುಖದ ರೋಜಿಟಾ ಕೂಡ ಪರದೆ ಎಳೆದುಕೊಂಡು ಕೊಂಕಣಿಯಲ್ಲಿ ದರ್ಯೊ, ದರ್ಯೊ ಎಂದು ಹೇಳುವುದು ಕೇಳಿಸುತ್ತಿತ್ತು. ಕೈ ಮತ್ತೆ ಸರಳು ಹಿಡಿಯಲಿಲ್ಲ. ಆದರೆ ಜ್ವರ ಶುರುವಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದರು. ಆಮೇಲೆ ಏನು ಎಂದು ರೇಣುಕಾ ಕೇಳಿದಳು. ವಾರಸುದಾರರು ಬರದಿದ್ದರೆ ಪೊಲೀಸರಿಗೆ ತಿಳಿಸುತ್ತಾರೆ ಎಂದು ರೋಜಿಟಾ ಹೇಳಿದರು.

ರವಿವಾರ ರೇಣುಕಾ ವಾಸ್ಕೋಗೆ, ಮನೆಗೆ ಹೋದಳು. ತಾಯಿ ರೊಟ್ಟಿ ಬಡಿಯುತ್ತಿದ್ದಾಗ ವಾರ್ಡಿನ ಸುದ್ದಿ ಹೇಳಿದಳಂತೆ. ಹೆಸರಿಲ್ಲದ ಹೆಂಗಸು, ಹಸಿರು ಬಳೆ, ಸಮುದ್ರಕ್ಕೆ ಬೆನ್ನು ಮಾಡುವುದಿಲ್ಲ. ಅದನ್ನು ಕೇಳಿ ತಾಯಿಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು ಎದ್ದು ಹೊರಗೆ ಹೋದಳು.

ಸೋಮವಾರ ಬೆಳಿಗ್ಗೆ ರೇಣುಕಾಳ ಜೊತೆ ಒಬ್ಬ ಹೆಂಗಸು ಬಂದಳು. ನಿಂಗವ್ವ ಎಂದು ಹೆಸರು, ರೇಣುಕಾಳ ತಾಯಿಯ ಜೊತೆ ಕೂಲಿಗೆ ಹೋಗುವವಳು. ಕಟ್ಟಡ ಕೆಲಸದವಳು, ಹಿಮ್ಮಡಿಯಲ್ಲಿ ಸಿಮೆಂಟು ಮೆತ್ತಿತ್ತು. ಹಾಸಿಗೆಯ ಹತ್ತಿರ ಬಂದು ನೋಡಿದಳು. ಅಳಲಿಲ್ಲ. "ಅಕ್ಕಾ, ನೀ ಊರಾಗಿದ್ದಿ ಅಂತ ನಾ ನಿಶ್ಚಿಂತಿ ಇದ್ನೆಲ್ಲ," ಎಂದಳು, ಬೈಯುವ ಹಾಗೆ.

ಹೆಂಗಸಿನ ಹೆಸರು ಕಾಶವ್ವ. ಹೊನ್ನವ್ವ ಅಲ್ಲ. ರೇಣುಕಾ ಒಂದು ಬಟ್ಟಲು ನೀರು ತಂದು ಆ ಹೆಸರು ಹಿಡಿದು ಕರೆದು, ಮೊದಲ ಬಾರಿ ಸರಿಯಾಗಿ ಕರೆದು, ಮುಖ ಒರೆಸಿದಳು. ಕಣ್ಣನ್ನು ಕೊನೆಗೆ.

ನಿಂಗವ್ವ ಹೊರಗಿನ ಬೆಂಚಿನ ಮೇಲೆ ಕೂತು ನಮಗೆ ಹೇಳಿದ್ದು ಇಷ್ಟು. ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲ, ವಾಸ್ಕೋದ ಆ ತಗಡಿನ ಖೋಲಿಯಲ್ಲಿ ಒಬ್ಬಳೇ ಇರುತ್ತಾಳೆ, ಊರಲ್ಲಿ ಅಣ್ಣನ ಮನೆಯಲ್ಲಿ ಇರಲಿ ಎಂದು ಎಷ್ಟೋ ಸಲ ಹೇಳಿ, ಕಡೆಗೆ ಒಪ್ಪಿಸಿ ರೈಲು ಹತ್ತಿಸಿದ್ದಳು. ಊರು ಮುಟ್ಟಿದ್ದಾಳೆ ಎಂದು ತಂಗಿ ತಿಳಿದಳು. ಎಷ್ಟೋ ಸಲ ಹೊರಟು ನಿಂತು ಬಾರದೆ ಉಳಿದವಳು, ಈ ಸಲವೂ ಮನಸ್ಸು ಬದಲಿಸಿರಬೇಕು ಎಂದು ಅಣ್ಣ ತಿಳಿದ. ಹೀಗಾಗಿ ಯಾರೂ ಹುಡುಕಲಿಲ್ಲ. ಚೀಲ ರೈಲಿನಲ್ಲೇ ಮುಂದೆ ಹೋಗಿರಬೇಕು, ಅವಳು ಸಾವರ್ಡೆಯಲ್ಲಿ ಇಳಿದಿದ್ದಳು. ಅಲ್ಲಿಂದ ಮುಂದೆ ರೈಲು ಸಮುದ್ರದ ಸೀಮೆ ಬಿಟ್ಟು ಘಟ್ಟ ಹತ್ತುತ್ತದೆ.

"ಕೂಡಿಸುವಾಗ ನೋಡೇ ಕೂಡಿಸಿದ್ನಿರಿ," ಎಂದಳು. "ಕಿಡಕಿ ಹಂತ್ಯಾಕ, ಹಿಂದಕ್ಕ ಮಖಾ ಮಾಡಿ. ಸಮುದ್ರಕ್ಕ ಬೆನ್ನ ಆಗಬಾರ್ದು ಅಂತ."

ನಾನು ಯಾಕೆ ಎಂದು ಕೇಳಿದೆ. ಕೇಳಬಾರದು ಎಂದು ಕಲಿಸಿದವಳು ಕೇಳಿದೆ.

"ಆಕಿ ಗಂಡ ಅದಿರು ಸಾಗಸೂ ಬಾರ್ಜಿನ ಮ್ಯಾಲ ಸಮುದ್ರಕ್ಕ ಹೋಗಿದ್ದ್ರಿ, ಹಿಂಗ ಮಳಿಗಾಲದಾಗ. ಹೊಳ್ಳಿ ಬರಲಿಲ್ಲ. ಹೆಣಾನೂ ಸಿಗಲಿಲ್ಲ. ಸತ್ತಾನ ಅಂತ ಯಾರೂ ಹೇಳಿಲ್ಲಲ್ಲ ಅಂತ ಬಳಿ ಒಡ್ಯಾಕ ಕೊಡಲಿಲ್ಲ ಆಕಿ. ಅವತ್ತಿಂದ ಹಂಗ ಮಲಗತಾಳ. ಬಂದ್ರ ನನ್ನ ಬೆನ್ನ ಕಾಣಬಾರ್ದು ಅಂತಿದ್ಲ್ರಿ." ಸೆರಗಿನಿಂದ ಮೂಗು ಒರೆಸಿಕೊಂಡು ತಲೆ ಎತ್ತಿದಳು. "ಇದು ನಮ್ಮ ಮನಿಯವ್ರಿಗೆ, ಜೋಡಿ ದುಡಿಯಾವ್ರಿಗೆ ಅಷ್ಟ ಗೊತ್ತಿದ್ದ ಮಾತ್ರಿ. ಆಕಿಗಂತೂ ಬಾಯಿಲ್ಲ. ನಿಮಗ ಯಾರ ಹೇಳಿದ್ರು?"

ರೇಣುಕಾ ನನ್ನ ಕಡೆ ನೋಡಿದಳು. ನಾನು ಮಳೆಯ ಕಡೆ ನೋಡಿದೆ. ಏನೋ ಹೇಳಿದೆ, ಏನೆಂದು ಈಗ ನೆನಪಿಲ್ಲ.

ಕಾಶವ್ವ ಆ ವಾರವೇ ತೀರಿಕೊಂಡಳು, ಒಂದು ಸಂಜೆ, ತಂಗಿ ಪಕ್ಕದಲ್ಲಿ ಇರುವಾಗ. ಕಿಟಕಿಯ ಕಡೆ ತಿರುಗಿಸುವ ಹೊತ್ತಾಗಿತ್ತು. ನಿಯಮ ಬಿಡದ ರೋಜಿಟಾ ಬಾಗಿಲಲ್ಲಿ ನಿಂತು ಬೇಡ ಎಂದು ಕೈ ಮಾಡಿದರು. ಗೋಡೆಗೆ ಮುಖ ಮಾಡಿಯೇ ಹೋದಳು. ಚೀಟಿಯಲ್ಲಿ ಹೆಸರಿತ್ತು. ಅವಳನ್ನು ವಾಸ್ಕೋಗೇ ಒಯ್ದರು, ರೇಣುಕಾ ರಜೆ ಹಾಕಿ ಜೊತೆಗೆ ಹೋದಳು.

ನಿಂಗವ್ವನ ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಮೊದಲು ನನ್ನ ದಿನಚರಿ ನೋಡಿದೆ. ಲ್ಯಾಬಿನಲ್ಲಿ ಆ ಮಾತು ಹೇಳಿದ ದಿನ ಯಾವುದೆಂದೇ ಗೊತ್ತಾಗಲಿಲ್ಲ. ಆ ತಿಂಗಳ ಪುಟಗಳಲ್ಲಿ ನನ್ನ ಹಲ್ಲುನೋವು, ಮನೆಯ ಮಾಲೀಕನ ಕಿರಿಕಿರಿ, ಮೀನಿನ ವಾಸನೆಗೆ ಇನ್ನೂ ಒಗ್ಗದ ಬಗ್ಗೆ ಬರೆದಿದ್ದೆ. ಹೊನ್ನವ್ವನ ಬಗ್ಗೆ ಒಂದು ಸಾಲಿಲ್ಲ. ಅದೇ ಗೊಂಬೆಯ ಮೇಲೆ ಇನ್ನೊಂದು ತಂಡಕ್ಕೆ ಕಲಿಸುವ ಸಹೋದ್ಯೋಗಿ ಸುಜಾತಾಳನ್ನು ಕೇಳಿದೆ. ಬಸಿಯ ಚಹಾ ಅವಳಿಗೆ ಗೊತ್ತಿತ್ತು. ಸಮುದ್ರದ ಮಾತು ಎಂದೂ ಕೇಳಿಲ್ಲ ಎಂದಳು. ಆ ದಿನ ಲ್ಯಾಬಿನಲ್ಲಿದ್ದ ಒಬ್ಬ ಹುಡುಗಿಯನ್ನು ಕೇಳಿದೆ. ಅದನ್ನು ಹೇಳಿದ್ದು ನೀವಲ್ಲ ಮೇಡಂ, ರೇಣುಕಾ ಎಂದಳು. ಇನ್ನೊಬ್ಬಳು, ಇಲ್ಲ, ಮೇಡಂ ಹೇಳಿದ್ದು ಎಂದಳು.

ರೇಣುಕಾ ಹೇಳಿದ್ದಾದರೆ ಎಲ್ಲ ಸರಳವಾಗುತ್ತದೆ. ಅವಳ ತಾಯಿಗೆ ಗೊತ್ತಿದ್ದ ಸಂಗತಿ, ಚಿಕ್ಕಂದಿನಲ್ಲಿ ಮಗಳ ಕಿವಿಗೂ ಬಿದ್ದಿರಬಹುದು. ಮರೆತಿದ್ದು ಲ್ಯಾಬಿನಲ್ಲಿ ಹೊರಬಂದಿರಬಹುದು. ನಾನು ಅದನ್ನು ನನ್ನದು ಮಾಡಿಕೊಂಡಿರಬಹುದು. ಅಧ್ಯಾಪಕರು ಅಂಥವರೇ. ಅವಳನ್ನು ಕೂರಿಸಿ ಕೇಳಿದೆ.

"ನೀವ ಹೇಳಿದ್ರಿ ಮೇಡಂ. ನಾ ಯಾಕ್ರಿ ಅಂತ ಕೇಳಿದ್ನೆಲ್ಲ? ನನಗ ಗೊತ್ತಿದ್ರ ಯಾಕ ಕೇಳತಿದ್ನಿ?" ಎಂದಳು. ಆಮೇಲೆ ಮೆಲ್ಲಗೆ, "ನಿಮಗ ನೆನಪಿಲ್ಲೇನ್ರಿ?" ಎಂದಳು. ಅವಳಿಗೆ ನನ್ನ ಬಗ್ಗೆ ಸ್ವಲ್ಪ ಭಯವಾದಂತೆ ಕಂಡಿತು. ಅದರಿಂದ ನನಗೆ ನೋವಾಯಿತು.

ಸಮೀಕ್ಷೆಗೆಂದು ಹುಡುಗಿಯರನ್ನು ಕರೆದುಕೊಂಡು ನಾನೂ ವಾಸ್ಕೋದ ಓಣಿಗಳಲ್ಲಿ ಓಡಾಡಿದ್ದೇನೆ. ಯಾವುದೋ ಬಾಗಿಲಲ್ಲಿ ಯಾರೋ ಹೇಳಿದ್ದು ನನ್ನೊಳಗೆ ಇಳಿದು ಕೂತಿರಬಹುದು. ಇದನ್ನು ನಾನು ನಂಬಲು ತಯಾರಿದ್ದೇನೆ. ಆದರೂ ಆ ಮಧ್ಯಾಹ್ನ ನಾನು ಕಿಟಕಿಯನ್ನು ತೋರಿಸಿ ಸಮುದ್ರ ಇಲ್ಲಿದೆ ಎಂದಾಗ ಆ ಕೈ ಏಕೆ ಬಿಗಿಯಾಯಿತು? ಪ್ರಜ್ಞೆ ಅರ್ಧ ಹೋದವಳು, ಎಲ್ಲಿದ್ದೇನೆ ಎಂದು ತಿಳಿಯದವಳು, ಕಣ್ಣು ಕಾಣುವ ನನಗೆ ಗೊತ್ತಿಲ್ಲದ ದಿಕ್ಕನ್ನು ಹೇಗೆ ಹಿಡಿದಿದ್ದಳು? ಇಲ್ಲಿಗೆ ಬಂದು ನನ್ನ ಕಾರಣಗಳು ನಿಲ್ಲುತ್ತವೆ.

ರೇಣುಕಾ ಓದು ಮುಗಿಸಿ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಫೋನು ಮಾಡುತ್ತಾಳೆ, ಆ ವಿಷಯ ಎತ್ತುವುದಿಲ್ಲ. ನಾನು ಇನ್ನೂ ಅದೇ ಲ್ಯಾಬಿನಲ್ಲಿದ್ದೇನೆ. ಸಮುದ್ರದ ಮಾತನ್ನು ಪಾಠದಿಂದ ತೆಗೆದುಬಿಟ್ಟೆ. ಅದರ ಜಾಗಕ್ಕೆ ಬೇರೊಂದು ಕಟ್ಟೋಣವೆಂದು ಕೂತರೆ ಆಗುವುದಿಲ್ಲ. ಎಡಗಾಲಿಗೆ ಹೊದಿಕೆ ಬೇಡ ಎನ್ನಲೇ, ದೀಪ ಆರಿಸಬಾರದು ಎನ್ನಲೇ ಎಂದು ಯೋಚಿಸುತ್ತೇನೆ. ಬಾಯಿಯವರೆಗೆ ಬಂದದ್ದು ಅಲ್ಲೇ ನಿಲ್ಲುತ್ತದೆ. ಇದು ನನ್ನದಲ್ಲ, ಎಲ್ಲೋ ಯಾವುದೋ ಹಾಸಿಗೆಯ ಮೇಲೆ ಬಾಯಿಲ್ಲದೆ ಮಲಗಿರುವ ಯಾರದೋ ಎನಿಸುತ್ತದೆ. ಇದು ಮೂರ್ಖತನ ಎಂದು ಗೊತ್ತಿದೆ. ಗೊತ್ತಿದ್ದರೂ ಹೇಳಲಾಗುವುದಿಲ್ಲ.

ಈ ವರ್ಷದ ಹುಡುಗಿಯರು ಮೊದಲ ದಿನ ಗೊಂಬೆಯ ಸುತ್ತ ನಿಂತು, ಹೊನ್ನವ್ವನಿಗೆ ಏನೇನು ಬೇಕು ಮೇಡಂ ಎಂದು ಕೇಳಿದರು. ನನಗೆ ಗೊತ್ತಿಲ್ಲ, ಅವಳನ್ನೇ ಕೇಳಿ ಎಂದೆ. ಅವರು ನಕ್ಕರು. ನಾನು ನಗದೇ ಇದ್ದದ್ದು ನೋಡಿ ಒಬ್ಬಳು ಮುಂದೆ ಬಂದು, ತಾನು ಯಾರೆಂದು ಹೇಳಿ, ಬಗ್ಗಿ ಕೇಳಿದಳು. ಕೇಳಿದ ಮೇಲೆ ಕಾಯಬೇಕು ಎಂದು ನಾನು ಅವರಿಗೆ ಕಲಿಸಿದ್ದೇನೆ. ನಾವೆಲ್ಲ ಸುಮ್ಮನೆ ನಿಂತು ಕಾದೆವು. ಸಾಮಾನ್ಯವಾಗಿ ಕಾಯುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಕಾಯಿಸಿದೆ ಎಂದು ಆಮೇಲೆ ನನಗೆ ತಿಳಿಯಿತು.